ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ ಹೊಟ್ಟೆ ಸರಿಮಾಡಿಕೊಳ್ಳುವುದು ಹೇಗೆ?

"ಹಲ್ಲಿಗೆ ಇನ್‌ಫೆಕ್ಷನ್ ಆಗಿ 5 ದಿನ ಮಾತ್ರೆ ತಗೊಂಡೆ. ಹಲ್ಲು ವಾಸಿ ಆಯ್ತು, ಈಗ ಹೊಟ್ಟೆ ಕೆಟ್ಟು ಕೂತಿದೆ. ಏನು ತಿನ್ನಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಬ್ಬರಿಗೆ ಮೂತ್ರದ ಸೋಂಕು, ಇನ್ನೊಬ್ಬರಿಗೆ ಟೈಫಾಯ್ಡ್, ಮತ್ತೊಬ್ಬರಿಗೆ ಸೈನಸ್. ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ: ಯಾವ ಪ್ರೊಬಯಾಟಿಕ್ ಕ್ಯಾಪ್ಸೂಲ್ ಒಳ್ಳೆಯದು?

ಕ್ಯಾಪ್ಸೂಲ್ ವಿಷಯ 6ನೇ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅಡುಗೆಮನೆಯಲ್ಲಿದೆ. ಮಾತ್ರೆಯಿಂದ ಪೆಟ್ಟು ತಿಂದ, ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ದಿನಾ ಊಟ ಹಾಕಬೇಕು, ಆಗಲೇ ಅವು ನಿಲ್ಲುತ್ತವೆ. ಈ ಲೇಖನ ದೊಡ್ಡವರಿಗೆ. 2 ವರ್ಷದೊಳಗಿನ ಮಗುವಾದರೆ ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಇಲ್ಲಿನ ಹಂತಗಳನ್ನು ಅದರ ಮೇಲೆ ಪ್ರಯೋಗ ಮಾಡಬೇಡಿ.

ಒಳಗೆ ಏನಾಗಿದೆ?

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2016ರಲ್ಲಿ ಲೆಕ್ಕ ಹಾಕಿದರು. ನಮ್ಮ ಸ್ವಂತ ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ. ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಜಾಸ್ತಿ ಅಂತ ಓದಿದ್ದರೆ, ಅದು ಹಳೆಯ ಅಂದಾಜು. ಎಲ್ಲ ಸೇರಿಸಿ ತೂಗಿದರೆ ಸುಮಾರು 200 ಗ್ರಾಂ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಇವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವ ಗೋಡೆ ಒಂದೇ ಒಂದು ಸಾಲು ಜೀವಕೋಶದ್ದು. ಒಂದಕ್ಕೊಂದು ಅಂಟಿಕೊಂಡು ನಿಂತ ಕೋಶಗಳು, ನಡುವಿನ ಸಂದುಗಳಲ್ಲಿ ಬಿಗಿಯಾದ ಹೊಲಿಗೆಯಂಥ ಪ್ರೋಟೀನುಗಳು. ನೀರು, ಸಕ್ಕರೆ, ಲವಣ ಒಳಗೆ ಬರಬೇಕು, ಬ್ಯಾಕ್ಟೀರಿಯಾ ಬರಬಾರದು. ಈ ಕೋಶಗಳು ಮೂರರಿಂದ ಐದು ದಿನಕ್ಕೆ ಸತ್ತು ಉದುರಿ, ಹೊಸವು ಹುಟ್ಟುತ್ತವೆ. ಗೋಡೆಯ ಮೇಲೆ ಲೋಳೆಯ ಹೊದಿಕೆ ಇದೆ. ದೊಡ್ಡ ಕರುಳಿನಲ್ಲಿ ಅದು ಎರಡು ಪದರ: ಹೊರಗಿನದು ಸಡಿಲ, ಅಲ್ಲಿ ಬ್ಯಾಕ್ಟೀರಿಯಾ ವಾಸ. ಒಳಗಿನದು ಗಟ್ಟಿ, ಅಲ್ಲಿಗೆ ಅವುಗಳಿಗೆ ಹೆಚ್ಚಾಗಿ ಪ್ರವೇಶವಿಲ್ಲ.

ನಾವು ಜೀರ್ಣಿಸಿಕೊಳ್ಳಲಾಗದ ನಾರು ದೊಡ್ಡ ಕರುಳು ತಲುಪಿದಾಗ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಪುಟ್ಟ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಇಂಧನವೇ ಇದು. ನಾವು ಅವಕ್ಕೆ ನಾರು ಕೊಡುತ್ತೇವೆ, ಅವು ನಮ್ಮ ಗೋಡೆಗೆ ಊಟ ಹಾಕುತ್ತವೆ. ನಾರು ಕೊಡದಿದ್ದರೆ? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಇದನ್ನು ನೋಡಿ 2016ರಲ್ಲಿ ಪ್ರಕಟಿಸಿತು. ನಾರಿಲ್ಲದ ಆಹಾರ ತಿಂದ ಇಲಿಗಳಲ್ಲಿ ಬ್ಯಾಕ್ಟೀರಿಯಾ ಹಸಿದು ಲೋಳೆಯನ್ನೇ ತಿನ್ನತೊಡಗಿದವು. ಹೊದಿಕೆ ತೆಳುವಾಯಿತು, ರೋಗದ ಬ್ಯಾಕ್ಟೀರಿಯಾ ಬಂದಾಗ ಆ ಇಲಿಗಳು ಬೇಗ ಸೋತವು. ಮನುಷ್ಯರಲ್ಲಿ ಎಲ್ಲವೂ ಹೀಗೇ ಎಂದು ಹೇಳುತ್ತಿಲ್ಲ. ಆದರೆ ಅನ್ನ, ತಿಳಿಸಾರು, ಬಿಸ್ಕತ್ತಿನಲ್ಲೇ ವಾರಗಟ್ಟಲೆ ದಿನ ದೂಡುವವರನ್ನು ಕಂಡಾಗ ನನಗೆ ಈ ಇಲಿಗಳೇ ನೆನಪಾಗುತ್ತವೆ.

ಆಂಟಿಬಯಾಟಿಕ್ ರೋಗದ ಬ್ಯಾಕ್ಟೀರಿಯಾ ಜೊತೆ ಕರುಳಿನ ಈ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತ ಗಂಡಸರಿಗೆ ಮೂರು ಬಲವಾದ ಆಂಟಿಬಯಾಟಿಕ್ ಒಟ್ಟಿಗೆ 4 ದಿನ ಕೊಟ್ಟು ನೋಡಿದರು. ಸುಮಾರು ಒಂದೂವರೆ ತಿಂಗಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬಂದವು. ಆದರೆ ಮೊದಲು ಎಲ್ಲರಲ್ಲೂ ಇದ್ದ 9 ಜಾತಿಗಳು 6 ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ. ಹಾಗಾಗಿ ಕೆಳಗಿನ ಹಂತಗಳಿಗೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಮೂರು ದಿನದಲ್ಲಿ ಸರಿಮಾಡುತ್ತೇವೆ ಎನ್ನುವವರನ್ನು ನಂಬಬೇಡಿ.

ಏನೇನು ಬೇಕು?

ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ರಾಗಿ ಅಥವಾ ಜೋಳ, ನಿಮ್ಮ ಮನೆಯಲ್ಲಿ ಯಾವುದು ರೂಢಿಯೋ ಅದು. ಮೂರ್ನಾಲ್ಕು ಬಗೆಯ ಕಾಳು. ಆಯಾ ಕಾಲದ ತರಕಾರಿ, ಹಣ್ಣು. ಎರಡು ಪ್ಯಾಕೆಟ್ ಓಆರ್‌ಎಸ್. ಒಂದು ಪುಟ್ಟ ನೋಟ್‌ಬುಕ್, ಅದರಲ್ಲಿ ದಿನಾ ಎರಡೇ ಸಾಲು: ಏನು ತಿಂದಿರಿ, ಹೊಟ್ಟೆ ಹೇಗಿತ್ತು. ಅಷ್ಟು ಸಾಕು.

ಹಂತ 1: ಕೋರ್ಸ್ ನಡೆಯುತ್ತಿರುವಾಗಲೇ

ಹೊಟ್ಟೆ ಸ್ವಲ್ಪ ಕೆಟ್ಟಿತು ಅಂತ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಬದಲಾಯಿಸಬೇಕೋ, ನಿಲ್ಲಿಸಬೇಕೋ ಅವರು ಹೇಳಲಿ.

ಬೇಧಿ ಇದ್ದರೆ ಓಆರ್‌ಎಸ್ ಕುಡಿಯಿರಿ. ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪ್ಯಾಕೆಟ್ಟನ್ನು ಅಂದಾಜಿನ ಮೇಲೆ ಲೋಟಕ್ಕೆ ಸುರಿಯುವುದು ತಪ್ಪು, ಉಪ್ಪು ಸಕ್ಕರೆಯ ಪ್ರಮಾಣ ಏರುಪೇರಾಗುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬ ಇದರ ಜಾಗಕ್ಕೆ ಬರುವುದಿಲ್ಲ, ಜಾಸ್ತಿ ಸಕ್ಕರೆ ಬೇಧಿಯನ್ನು ಹೆಚ್ಚಿಸುತ್ತದೆ.

ಮೊಸರು ತಿನ್ನಬಹುದಾ? ತಿನ್ನಬಹುದು, ಆದರೆ ಮಾತ್ರೆಯ ಜೊತೆಗೇ ಬೇಡ. ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಮಾತ್ರೆಗಳನ್ನು ಹಾಲು ಮೊಸರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮಾತ್ರೆ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಎಷ್ಟು ಗಂಟೆ ಅಂತರ ಬೇಕು ಎಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ, ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಹತ್ತಿರ ಕೇಳಿಕೊಳ್ಳಿ.

ಹಂತ 2: ಇದು ಮನೆಯಲ್ಲಿ ನೋಡಿಕೊಳ್ಳುವ ವಿಷಯವೇ?

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಕೆಳಗಿನ ಯಾವುದಾದರೂ ಇದ್ದರೆ ಮಿಕ್ಕಿದ್ದನ್ನು ಓದುವ ಮೊದಲು ಡಾಕ್ಟರನ್ನು ಕಾಣಿ.

- ದಿನಕ್ಕೆ ಮೂರಕ್ಕಿಂತ ಜಾಸ್ತಿ ಸಲ ನೀರಿನಂಥ ಬೇಧಿ, ಜೊತೆಗೆ ಜ್ವರ ಅಥವಾ ಹೊಟ್ಟೆ ಹಿಂಡುವ ನೋವು
- ಮಲದಲ್ಲಿ ರಕ್ತ, ಅಥವಾ ಟಾರಿನಂಥ ಕಪ್ಪು ಮಲ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಅದನ್ನೂ ಹೇಳಿ)
- ಕಾರಣವಿಲ್ಲದೆ ತೂಕ ಇಳಿಯುವುದು
- ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ
- ಬಾಯಿ ಒಣಗಿ, ತಲೆ ಸುತ್ತಿ, ಮೂತ್ರ ಕಡಿಮೆಯಾಗುವುದು

ಮೊದಲನೆಯದಕ್ಕೆ ಒಂದು ವಿಶೇಷ ಕಾರಣ ಇದೆ. ಒಳ್ಳೆಯ ಬ್ಯಾಕ್ಟೀರಿಯಾ ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ದುಷ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳಬಹುದು. ಚುಟುಕಾಗಿ ಇದನ್ನು ಸಿ-ಡಿಫ್ ಎನ್ನುತ್ತಾರೆ. ಕೋರ್ಸ್ ಮುಗಿದು ಕೆಲವು ವಾರ ಆದ ಮೇಲೂ ಬರಬಹುದು. ವಯಸ್ಸಾದವರಲ್ಲಿ, ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲಿ ಜಾಸ್ತಿ. ಮಲದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ಬೇರೆಯದೇ ಔಷಧಿ ಇದೆ. ಈ ಅನುಮಾನ ಇರುವಾಗ ಬೇಧಿ ಕಟ್ಟಿಸುವ ಲೋಪೆರಮೈಡ್ ಮಾತ್ರೆಯನ್ನು ಸ್ವಂತ ತೀರ್ಮಾನದಲ್ಲಿ ನುಂಗಬೇಡಿ. ವಿಷ ಒಳಗೇ ಉಳಿಯುತ್ತದೆ.

ಹಂತ 3: ಮೊದಲ ನಾಲ್ಕೈದು ದಿನ, ಮೆತ್ತಗೆ

ಹೊಟ್ಟೆ ಇನ್ನೂ ಸಡಿಲವಾಗಿದ್ದರೆ ಈಗಲೇ ನಾರು ತುಂಬಬೇಡಿ. ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ರಾಗಿ ಅಂಬಲಿ, ಮೊಸರನ್ನ, ಚೆನ್ನಾಗಿ ಬೆಂದ ಕುಂಬಳಕಾಯಿ ಅಥವಾ ಸೋರೆಕಾಯಿ, ಬಾಳೆಹಣ್ಣು. ಖಾರ ಕಡಿಮೆ.

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತಿದೆಯಾ? ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದು ಸಣ್ಣ ಕರುಳಿನ ಗೋಡೆಯ ಮೇಲ್ತುದಿಯಲ್ಲಿ. ಬೇಧಿಯಲ್ಲಿ ಆ ತುದಿಗಳಿಗೇ ಮೊದಲ ಪೆಟ್ಟು. ಕೋಶಗಳು ಹೊಸದಾಗಿ ಬೆಳೆದ ಮೇಲೆ ಹೆಚ್ಚಿನವರಿಗೆ ಇದು ಸರಿಹೋಗುತ್ತದೆ. ಒಂದೆರಡು ವಾರ ಹಾಲು ಬಿಟ್ಟು ಮೊಸರು ಬಳಸಿ. ಹುಳಿಯುವಾಗ ಬ್ಯಾಕ್ಟೀರಿಯಾ ಆ ಸಕ್ಕರೆಯ ಒಂದಷ್ಟನ್ನು ಮೊದಲೇ ತಿಂದು ಮುಗಿಸಿರುತ್ತವೆ.

ಇಲ್ಲಿ ಜನ ಮಾಡುವ ತಪ್ಪು: ಈ ಪಥ್ಯ ಹಿತವಾಗಿದೆ ಅಂತ ಅದರಲ್ಲೇ ಎರಡು ತಿಂಗಳು ಉಳಿದುಬಿಡುವುದು. ಹೊಟ್ಟೆ ಗಟ್ಟಿಯಾದ ಮೇಲೆ ಮುಂದಿನ ಹಂತಕ್ಕೆ ಹೋಗಲೇಬೇಕು.

ಹಂತ 4: ನಾರನ್ನು ನಿಧಾನಕ್ಕೆ ಏರಿಸಿ

ಇಡೀ ಲೇಖನದಲ್ಲಿ ನನಗೆ ಮುಖ್ಯವೆನಿಸುವ ಹಂತ ಇದು. ದಿನಕ್ಕೆ 2000 ಕ್ಯಾಲರಿ ಊಟಕ್ಕೆ ಸುಮಾರು 30 ಗ್ರಾಂ ನಾರು ಇರಲಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಲಹೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಇರುವುದು 3 ಗ್ರಾಮಿಗಿಂತ ಕಡಿಮೆ. ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 11, ಇಡೀ ಹೆಸರುಕಾಳಿನಲ್ಲಿ ಸುಮಾರು 17, ಇಡೀ ಕಡಲೆಕಾಳಿನಲ್ಲಿ ಸುಮಾರು 25. ಸೀಬೆಹಣ್ಣಿನಲ್ಲಿ 8ಕ್ಕೂ ಹೆಚ್ಚು.

ಊಟಕ್ಕೆ ಹಾಕಿ ನೋಡೋಣ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, ಅದಕ್ಕೆ ಹೆಸರುಕಾಳಿನ ಬಸ್ಸಾರು ಮತ್ತು ಬಸಿದ ಕಾಳು ಸೊಪ್ಪಿನ ಪಲ್ಯ, ಸಂಜೆ ಒಂದು ಸೀಬೆಹಣ್ಣು. ಇಷ್ಟರಲ್ಲೇ 25 ಗ್ರಾಂ ಹತ್ತಿರ ಬಂತು. ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಸೌತೆಕಾಯಿ. ಕರುಳಿಗೆ ದುಬಾರಿ ಓಟ್ಸೇ ಬೇಕು ಅಂತ ಏನೂ ಇಲ್ಲ.

ಆದರೆ 10 ಗ್ರಾಂ ತಿನ್ನುತ್ತಿದ್ದವರು ನಾಳೆಯಿಂದಲೇ 30ಕ್ಕೆ ಹಾರಿದರೆ ಹೊಟ್ಟೆ ತಮಟೆಯಾಗುತ್ತದೆ. ಕಾಳಿನಲ್ಲಿ ನಾವು ಜೀರ್ಣಿಸಲಾಗದ ಕೆಲವು ಸಕ್ಕರೆಗಳಿವೆ. ಅವನ್ನು ಬ್ಯಾಕ್ಟೀರಿಯಾ ಹುದುಗಿಸುವಾಗ ಗ್ಯಾಸ್ ಬರುತ್ತದೆ. ಅದಕ್ಕೆ ಹೀಗೆ ಮಾಡಿ.

ಮೊದಲ ವಾರ ದಿನಕ್ಕೆ ಎರಡು ಚಮಚ ಬೆಂದ ಕಾಳು ಮಾತ್ರ. ನಾಲ್ಕೈದು ದಿನಕ್ಕೊಮ್ಮೆ ಎರಡೆರಡು ಚಮಚ ಏರಿಸಿ. ಗ್ಯಾಸ್ ಜಾಸ್ತಿಯಾದರೆ ಹಿಂದಿನ ಅಳತೆಗೆ ಇಳಿದು ಮೂರು ದಿನ ನಿಂತು ಮತ್ತೆ ಏರಿಸಿ. ಪೂರ್ತಿ ಬಿಟ್ಟುಬಿಡಬೇಡಿ.

ಕಾಳನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದು ನೋಡಿ: ಕಡಲೆಯ ನೀರಿನ ಮೇಲೆ ಬಿಳಿ ನೊರೆ ಕಟ್ಟಿರುತ್ತದೆ, ನೀರು ಹಳದಿಗೆ ತಿರುಗಿರುತ್ತದೆ. ಗ್ಯಾಸ್ ತರುವ ಸಕ್ಕರೆಗಳಲ್ಲಿ ಒಂದಿಷ್ಟು ಆ ನೀರಿಗೆ ಇಳಿದಿರುತ್ತದೆ. ಅದನ್ನು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಆದರೆ ಈ ಎರಡು ತಿಂಗಳು ಹಸಿ ಮೊಳಕೆ ಬೇಡ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗದ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಬೇಯಿಸಿ ಉಸಲಿ ಮಾಡಿ.

ಒಂದೇ ಕಾಳಿಗೆ ಅಂಟಿಕೊಳ್ಳಬೇಡಿ. ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆ ಬೇರೆ ನಾರು ಇಷ್ಟ. ಇವತ್ತು ಹೆಸರು, ನಾಳೆ ಅಲಸಂದೆ, ನಾಡಿದ್ದು ಹುರುಳಿ. ವಾರಕ್ಕೊಮ್ಮೆ ಬಾಳೆದಿಂಡಿನ ಪಲ್ಯ, ಬಾಳೆಕಾಯಿ. ಬಾಳೆಕಾಯಿಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ಹೋಗುವ ಪಿಷ್ಟ ಇದೆ. ಅನ್ನ ಬೆಂದು ತಣ್ಣಗಾದಾಗಲೂ ಅಂಥ ಪಿಷ್ಟ ಸ್ವಲ್ಪ ಹುಟ್ಟುತ್ತದೆ. ಹಾಗಂತ ರಾತ್ರಿಯಿಡೀ ಹೊರಗಿಟ್ಟ ಅನ್ನ ಈಗ ಬೇಡ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿಯಲ್ಲಿ ಇರಬಹುದು. ಅದು ಬೆಳೆದು ಉಗುಳಿದ ವಾಂತಿಯ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ, ಮಾರನೆಯ ದಿನ ಮುಗಿಸಿ.

ನಾರಿನ ಜೊತೆ ನೀರೂ ಜಾಸ್ತಿಯಾಗಬೇಕು. ಇಲ್ಲದಿದ್ದರೆ ಬೇಧಿ ಹೋಗಿ ಮಲಬದ್ಧತೆ ಬರುತ್ತದೆ. ಐಬಿಎಸ್ ಇರುವವರಿಗೆ, ಅಂದರೆ ಗಾಯ ಹುಣ್ಣು ಇಲ್ಲದಿದ್ದರೂ ಆಗಾಗ ಹೊಟ್ಟೆನೋವು ಮತ್ತು ಮಲದ ಏರುಪೇರು ಇರುವವರಿಗೆ, ಕಾಳು, ಈರುಳ್ಳಿ, ಬೆಳ್ಳುಳ್ಳಿ ಒಗ್ಗದೆ ಇರಬಹುದು. ಅವರು ರಾಗಿ, ತರಕಾರಿ, ಇಸಬಗೋಲಿನಿಂದ ಶುರುಮಾಡುವುದು ಸುಲಭ.

ಹಂತ 5: ಜೀವಂತ ಬ್ಯಾಕ್ಟೀರಿಯಾ ಊಟದಲ್ಲಿ ಬರಲಿ

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದ ಅಧ್ಯಯನ 2021ರಲ್ಲಿ ಬಂತು. ಒಂದು ಗುಂಪಿಗೆ ನಾರು ಜಾಸ್ತಿ, ಇನ್ನೊಂದಕ್ಕೆ ಹುದುಗಿಸಿದ ಆಹಾರ. ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿದ್ದು, ಉರಿಯೂತ ತೋರಿಸುವ ಹಲವು ಪ್ರೋಟೀನುಗಳು ರಕ್ತದಲ್ಲಿ ಕಡಿಮೆಯಾಗಿದ್ದು ಎರಡನೇ ಗುಂಪಿನಲ್ಲಿ. ಬರೀ ನಾರು ಕೊಟ್ಟ ಗುಂಪಿನಲ್ಲಿ ಅಷ್ಟು ದಿನದಲ್ಲಿ ವೈವಿಧ್ಯ ಏರಲಿಲ್ಲ. ಚಿಕ್ಕ ಅಧ್ಯಯನವೇ. ಆದರೂ ನಾರು ಮತ್ತು ಮೊಸರು ಎರಡನ್ನೂ ಇಟ್ಟುಕೊಳ್ಳಿ ಎನ್ನಲು ನನಗೆ ಇದೂ ಒಂದು ಕಾರಣ.

ಈಗ ನಮ್ಮ ಅಡುಗೆಮನೆ. ಇಲ್ಲಿ ತುಂಬ ಗೊಂದಲ ಇದೆ.

ಇಡ್ಲಿ, ದೋಸೆ: ಹಿಟ್ಟು ಉಬ್ಬಿಸುವುದು ಬ್ಯಾಕ್ಟೀರಿಯಾಗಳೇ. ಆದರೆ ಹಬೆಯಲ್ಲಿ, ಕಾವಲಿಯ ಮೇಲೆ ಅವು ಸಾಯುತ್ತವೆ. ಹುದುಗಿದ್ದರಿಂದ ಜೀರ್ಣ ಸುಲಭ, ತಿನ್ನಿ. ಜೀವಂತ ಬ್ಯಾಕ್ಟೀರಿಯಾ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ಮಜ್ಜಿಗೆಹುಳಿಯೂ ಕುದಿಯುತ್ತದೆ, ಅದೂ ಹಾಗೇ.

ಮೊಸರು, ಮಜ್ಜಿಗೆ, ತಂಬುಳಿ: ಇವು ಲೆಕ್ಕಕ್ಕೆ ಬರುತ್ತವೆ. ಮಲೆನಾಡಿನ ತಂಬುಳಿಯಲ್ಲಿ ಹುರಿದ ಸೊಪ್ಪು, ಕಾಯಿ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ, ಕುದಿಸುವುದಿಲ್ಲ. ರುಬ್ಬಿದ್ದು ಪೂರ್ತಿ ತಣ್ಣಗಾದ ಮೇಲೆ ಮಜ್ಜಿಗೆ ಬೆರೆಸಿ. ಮೊಸರನ್ನಕ್ಕೂ ಅನ್ನ ಉಗುರುಬೆಚ್ಚಗಾದ ಮೇಲೆ ಮೊಸರು.

ಉಪ್ಪಿನಕಾಯಿ: ಉಪ್ಪು, ಎಣ್ಣೆ, ವಿನಿಗರ್ ಜಾಸ್ತಿ ಇರುವ ಅಂಗಡಿ ಉಪ್ಪಿನಕಾಯಿಯನ್ನು ಇದಕ್ಕಾಗಿ ತಿನ್ನಬೇಕಿಲ್ಲ.

ಹೆಪ್ಪು ಹಾಕುವುದು ಗೊತ್ತಿಲ್ಲದವರಿಗೆ: ಹಾಲು ಕಾಯಿಸಿ, ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಿಸಿ. ಅರ್ಧ ಲೀಟರಿಗೆ ಒಂದು ಚಮಚ ಮೊಸರು ಹಾಕಿ ಕದಡಿ, ಮುಚ್ಚಿಡಿ. ಬೆಂಗಳೂರಿನ ಬೇಸಿಗೆಗೆ ಐದಾರು ಗಂಟೆ, ಚಳಿಗೆ ರಾತ್ರಿಯಿಡೀ. ಹಾಲು ಸುಡುವಷ್ಟು ಬಿಸಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತು ಮೊಸರು ನೀರಾಗಿ ಉಳಿಯುತ್ತದೆ. ದಿನಕ್ಕೆ ಎರಡು ಬಟ್ಟಲು ಮೊಸರು ಅಥವಾ ಮಜ್ಜಿಗೆ ಸಾಕು.

ಹಂತ 6: ಕ್ಯಾಪ್ಸೂಲ್ ಬೇಕಾ?

ಪ್ರೊಬಯಾಟಿಕ್ ಅಂದರೆ ಆಯ್ದ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಕೋರ್ಸ್ ನಡೆಯುವಾಗ ಕೆಲವು ಬಗೆಯವನ್ನು ಕೊಟ್ಟರೆ ಬೇಧಿಯ ಸಾಧ್ಯತೆ ಕಡಿಮೆಯಾಗುತ್ತದೆ ಎನ್ನಲು ಪುರಾವೆ ಇದೆ. ಡಾಕ್ಟರು ಬರೆದಿದ್ದರೆ ತಗೊಳ್ಳಿ. ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಆದರೆ ಆಂಟಿಬಯಾಟಿಕ್ ನುಂಗಿ ಎರಡು ಗಂಟೆ ಬಿಟ್ಟು. ಸ್ಯಾಕರೊಮೈಸಿಸ್ ಬೌಲಾರ್ಡಿ ಯೀಸ್ಟ್, ಅದನ್ನು ಆಂಟಿಬಯಾಟಿಕ್ ಕೊಲ್ಲುವುದಿಲ್ಲ.

ಕೋರ್ಸ್ ಮುಗಿದ ಮೇಲೆ ತಿಂಗಳುಗಟ್ಟಲೆ ನುಂಗುವುದು ಬೇರೆ ವಿಷಯ. ವೈಜ್‌ಮನ್ ಸಂಸ್ಥೆಯವರೇ 2018ರಲ್ಲಿ ನೋಡಿದಾಗ, ಆಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ತಗೊಂಡವರ ಸ್ವಂತ ಬ್ಯಾಕ್ಟೀರಿಯಾ, ಏನೂ ತಗೊಳ್ಳದವರಿಗಿಂತ ತಡವಾಗಿ ವಾಪಸ್ ಬಂದವು. ಹೊರಗಿನವರು ಬಂದು ಜಾಗ ಹಿಡಿದರು. ಆ ದುಡ್ಡಿಗೆ ಹಣ್ಣು ಕೊಳ್ಳಿ ಎಂಬುದು ನನ್ನ ಸಲಹೆ.

ಎಚ್ಚರಿಕೆ: ಕೀಮೋಥೆರಪಿಯಲ್ಲಿ ಇರುವವರು, ಅಂಗಾಂಗ ಕಸಿ ಆದವರು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ದಿನ ತುಂಬದೆ ಹುಟ್ಟಿದ ಶಿಶುಗಳು. ಇವರಿಗೆ ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ಪ್ರಾಣಾಪಾಯ ಆಗಬಹುದು. ಡಾಕ್ಟರ್ ಹೇಳದೆ ಕೊಡಲೇಬೇಡಿ.

ಹಂತ 7: ಗೋಡೆಗೆ ಪೆಟ್ಟು ಕೊಡುವುದನ್ನು ನಿಲ್ಲಿಸಿ

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಗಷ್ಟೇ ಅಲ್ಲ, ಸಣ್ಣ ಕರುಳಿನ ಒಳಪದರಕ್ಕೂ ಗಾಯ ಮಾಡುತ್ತವೆ. ಸೊಂಟನೋವಿಗೆ ದಿನಾ ನುಂಗುವ ರೂಢಿ ಇದ್ದರೆ ಬದಲಿ ಏನಿದೆ ಅಂತ ಡಾಕ್ಟರ ಹತ್ತಿರ ಕೇಳಿ. ಮದ್ಯವೂ ಗೋಡೆಯ ಸಂದುಗಳನ್ನು ಸಡಿಲ ಮಾಡುತ್ತದೆ. ಈ ಎರಡು ತಿಂಗಳಾದರೂ ಬಿಡಿ.

"ಲೀಕಿ ಗಟ್" ಎಂಬ ಮಾತು ಕೇಳಿರಬಹುದು. ಗೋಡೆ ಸೋರುವುದು ನಿಜವಾದ ಸಂಗತಿ. ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ಕಾಯಿಲೆಯಲ್ಲಿ, ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯಲ್ಲಿ ಅದು ಕಾಣುತ್ತದೆ. ಆದರೆ ಸುಸ್ತು, ಮೊಡವೆ, ಮರೆವು ಎಲ್ಲಕ್ಕೂ ಅದೇ ಕಾರಣ ಎನ್ನುತ್ತಾ ಸಾವಿರಾರು ರೂಪಾಯಿಯ ಮಲದ ಕಿಟ್, ಜೊನುಲಿನ್ (ಗೋಡೆಯ ಸಂದುಗಳನ್ನು ಸಡಿಲಿಸುವ ಒಂದು ಪ್ರೋಟೀನ್) ಪರೀಕ್ಷೆ ಮಾರುವವರಿದ್ದಾರೆ. ಆ ರಿಪೋರ್ಟ್ ನೋಡಿ ಚಿಕಿತ್ಸೆ ಬದಲಾಯಿಸಲು ಒಪ್ಪಿತವಾದ ಮಾನದಂಡ ಇನ್ನೂ ಇಲ್ಲ. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಸೀಲಿಯಾಕ್ ಅನುಮಾನ ಇದ್ದರೆ ಅದಕ್ಕೆ ಸರಿಯಾದ ರಕ್ತಪರೀಕ್ಷೆ ಇದೆ. ಅದನ್ನು ಮಾಡಿಸುವ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಪರೀಕ್ಷೆ ತಪ್ಪು ತೋರಿಸಬಹುದು, ನೆನಪಿಡಿ.

ಹಂತ 8: ಮುಂದಿನ ಸಲ

ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಅದರ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಕರುಳಿಗೆ ಮಾತ್ರ ನಷ್ಟ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು ಎಂದರ್ಥ. ಜನರಿಗೆ ಇದನ್ನು ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೇ ಶುರುಮಾಡಿತು. ಹೋದ ಸಲ ಉಳಿದಿದ್ದ ನಾಲ್ಕು ಮಾತ್ರೆ ಡ್ರಾಯರಿನಲ್ಲಿದ್ದರೆ ಅವನ್ನು ನುಂಗಬೇಡಿ, ಮನೆಯಲ್ಲಿ ಇನ್ನೊಬ್ಬರಿಗೂ ಕೊಡಬೇಡಿ.

ಎಂಟು ವಾರ ಆದ ಮೇಲೂ ಹೊಟ್ಟೆ ಮೊದಲಿನ ಹಾಗಾಗದಿದ್ದರೆ ಹೊಟ್ಟೆ ಕರುಳಿನ ತಜ್ಞರ ಹತ್ತಿರ ಹೋಗಿ. ಹೋಗುವಾಗ ಆ ನೋಟ್‌ಬುಕ್ ಮತ್ತು ಆಂಟಿಬಯಾಟಿಕ್ ಬರೆದ ಚೀಟಿ ಎರಡನ್ನೂ ತೆಗೆದುಕೊಂಡು ಹೋಗಿ. ಯಾವ ಮಾತ್ರೆ, ಎಷ್ಟು ದಿನ, ಹೊಟ್ಟೆ ಕೆಟ್ಟಿದ್ದು ಎಷ್ಟನೇ ದಿನ ಎಂಬುದನ್ನೇ ಅವರು ಮೊದಲು ಕೇಳುತ್ತಾರೆ.